ಮಂಗಳವಾರ ಬಂದ ಬುಧವಾರ

ಅಕ್ಕಾ,

ನೀನು ಮೂರು ವರ್ಷದಿಂದ ಕೇಳುತ್ತಿರುವುದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ಮಗಳನ್ನು ನಿನ್ನ ಹತ್ತಿರ ಓದಲು ಕಳಿಸು ಅಂದಾಗೆಲ್ಲ ನಾನು ತಮಾಷೆ ಮಾಡಿ ತಪ್ಪಿಸಿಕೊಂಡೆ. "ಅಣುಸ್ಥಾವರ ಪಕ್ಕದಲ್ಲಿದ್ದರೆ ದೀಪವಿಲ್ಲದೆಯೂ ಓದಬಹುದು" ಅಂದಿದ್ದೆ ಒಮ್ಮೆ. ನೀನು ನಗಲಿಲ್ಲ, ಫೋನಿಟ್ಟುಬಿಟ್ಟೆ.

ಇಲ್ಲಿಯ ಬೆಳಗು ಎಷ್ಟು ಮೆತ್ತಗಿರುತ್ತದೆ ಅಂತ ನೀನು ಮರೆತಿರಬಹುದು. ಸ್ಥಾವರದ ಆ ಎರಡು ದಪ್ಪ ಗೋಪುರಗಳ ಬಾಯಿಂದ ಹಬೆ ಎದ್ದು, ಸೋಮಾರಿಯಂತೆ ಹೊರಳಿ, ನಮ್ಮ ಬೀದಿಯ ಮೇಲೆ ನೆರಳು ಹಾಸುತ್ತದೆ. ಅದರಡಿ ಒಣಗುವ ಬಟ್ಟೆ, ಮಕ್ಕಳ ಕುಂಟಾಬಿಲ್ಲೆ, ಎದುರುಮನೆ ಟೈಲರಮ್ಮನ ಯಂತ್ರದ ಸದ್ದು ಎಲ್ಲವೂ ಯಾರದೋ ನಿದ್ದೆಯೊಳಗೆ ನಡೆದಂತಿರುತ್ತದೆ. "ಹಬೆಯೇ ಹೊರತು ಹೊಗೆಯಲ್ಲ, ನೆರೆಯೇ ಹೊರತು ಹಗೆಯಲ್ಲ" ಅಂತ ನಾನೇ ಪ್ರಾಸ ಕಟ್ಟಿ ಮಗಳನ್ನು ತಟ್ಟಿ ಮಲಗಿಸಿದ್ದೇನೆ. ನಿಜಕ್ಕೂ ಮಲಗಿದವನು ನಾನು.

ತಿಂಗಳ ಮೊದಲ ಬುಧವಾರ ಹನ್ನೊಂದಕ್ಕೆ ಸೈರನ್ ಪರೀಕ್ಷೆ, ನಿನಗೆ ಗೊತ್ತಲ್ಲ. ಹೋದ ವಾರ ಅದು ಮಂಗಳವಾರವೇ ಕೂಗಿತು. ಯಾರೂ ಓಡಲಿಲ್ಲ ಅಕ್ಕಾ. ಇಡೀ ಬೀದಿ "ಅಯ್ಯೋ, ಬುಧವಾರ ಬಂದೇಬಿಡ್ತಾ" ಅಂದುಕೊಂಡಿತು. ಬುಧವಾರ ರಜೆ ಮಾಡುವ ಕ್ಷೌರದಂಗಡಿಯವನು ಅರ್ಧ ಕೆರೆದ ಗಡ್ಡವನ್ನು ಗಡಿಬಿಡಿಯಲ್ಲಿ ಮುಗಿಸಿ ಶಟರ್ ಎಳೆದ. ನನ್ನ ಕಥೆ ಕೇಳು. ಪ್ರೆಸ್ಸಿನಲ್ಲಿ ನಾನೇ ಅಚ್ಚು ಹಾಕಿದ ಕ್ಯಾಲೆಂಡರ್ ಕಣ್ಣೆದುರೇ ತೂಗುತ್ತಿತ್ತು. ಅವತ್ತಿನ ತಾರೀಖಿಗೆ ಮಂಗಳವಾರ ಅಂತಿದ್ದುದು ನನ್ನದೇ ಅಚ್ಚಿನ ತಪ್ಪು ಅಂದುಕೊಂಡೆ. ಸಾವಿರ ಪ್ರತಿ ಆಗಲೇ ಹೋಗಿಬಿಟ್ಟಿತ್ತಲ್ಲ!

ಒಂದು ಗಂಟೆಗೆ ಊಟಕ್ಕೆ ಮನೆಗೆ ಬಂದರೆ ಬಾಗಿಲು ತೆರೆಯಲಿಲ್ಲ. ಗಂಟಲುನೋವೆಂದು ಮಗಳು ಶಾಲೆಗೆ ಹೋಗಿರಲಿಲ್ಲ. ಕಿಟಕಿಗಳೆಲ್ಲ ಭದ್ರ, ಬಾಗಿಲ ಸಂದಿಗೆ ಒದ್ದೆ ಟವೆಲ್ಲು, ಎಲ್ಲ ವಿಕಿರಣದ ಧೂಳು ಒಳಗೆ ಬರದಂತೆ ಶಾಲೆಯಲ್ಲಿ ಕಲಿಸಿದ ಹಾಗೆಯೇ. "ಅಪ್ಪಾ, ಮೇಲಿನ ಬಟ್ಟೆ ಅಲ್ಲೇ ಬಿಚ್ಚಿಟ್ಟು ಬಾ" ಅಂತ ಒಳಗಿಂದ ಕೂಗಿದಳು. "ಇವತ್ತು ಬುಧವಾರ ಪುಟ್ಟೀ, ಬರೀ ಪರೀಕ್ಷೆ" ಅಂದೆ. "ಮಂಗಳವಾರ" ಅಂದಳು, ಅಷ್ಟೇ. ಬಿಚ್ಚಿದೆ. "ಏನಪ್ಪಾ, ಅಳತೆ ಕೊಡೋದಾದ್ರೆ ಈ ಕಡೆ ಬಾ" ಅಂತ ಟೈಲರಮ್ಮ ನಕ್ಕರು. ನಾನೂ ನಗುತ್ತಲೇ ಒಳಗೆ ಹೋದೆ.

ಮಗಳು ಎರಡು ಗಂಟೆ ಮಂಚದ ಕೆಳಗೆ ಕೂತಿದ್ದಳಂತೆ. ಅಮ್ಮ ಸ್ಥಾವರದ ಕ್ಯಾಂಟೀನಿನಲ್ಲಿ, ಅಪ್ಪ ಪ್ರೆಸ್ಸಿನಲ್ಲಿ. "ನೀನ್ಯಾಕಪ್ಪಾ ಓಡಿ ಬರಲಿಲ್ಲ?" ಅಂದಳು. ಅಳಲಿಲ್ಲ, ದೂರಲಿಲ್ಲ, ತಿಳಿದುಕೊಳ್ಳಬೇಕು ಅನ್ನುವಂತೆ ಕೇಳಿದಳು. ಸಂಜೆ ಸ್ಥಾವರದ ಜೀಪು ಬಂದು ಮೈಕಿನಲ್ಲಿ ಸಾರಿತು: ಸ್ವಿಚ್ಚು ಕೆಟ್ಟಿತ್ತು, ಗಾಬರಿ ಬೇಡ.

ಮಗಳನ್ನು ನಿನ್ನಲ್ಲಿಗೆ ಕಳಿಸುವ ವಿಷಯವನ್ನು ಹೆಂಡತಿಯ ಹತ್ತಿರ ಮೆಲ್ಲಗೆ ಎತ್ತಿದೆ. "ಕಳಿಸೋಕೆ ಅಂತ ನಾನು ಅವಳ ಬಟ್ಟೆ ಮಡಿಸಿಟ್ಟೇ ಮೂರು ವರ್ಷ ಆಯ್ತು. ಈಗ ಅವು ಅವಳಿಗೆ ಆಗೋದೂ ಇಲ್ಲ" ಅಂದಳು.

ನಮ್ಮಿಬ್ಬರನ್ನು ಕರೆಯಬೇಡ. ಕೆಲಸ ಇಲ್ಲಿದೆ. ಅದೂ ಅಲ್ಲದೆ, ಈ ಊರಿನ ಮಂಪರು ನನಗೆ ಹಿತವಾಗಿಬಿಟ್ಟಿದೆ. ಮಗಳಿಗೂ ಹಿತವಾಗುವ ಮೊದಲು ಅವಳನ್ನು ಕರೆದುಕೋ. ಭಾನುವಾರ ನಾನೇ ಕರೆತರುತ್ತೇನೆ. ಅವಳಿಗೆ ಬೈತಲೆ ನೆಟ್ಟಗೆ ತೆಗೆಯಲು ಬರುವುದಿಲ್ಲ, ಹಾಲಿನಲ್ಲಿ ಕೆನೆ ಕಂಡರೆ ಲೋಟ ಮುಟ್ಟುವುದಿಲ್ಲ. ನಾನು ಹೊರಡುವಾಗ ಅವಳನ್ನು ಒಳಗೆ ಏನಾದರೂ ಕೆಲಸಕ್ಕೆ ಹಚ್ಚು. ಬಾಗಿಲಿಗೆ ಬಂದು ನಿಂತಳೋ, ನಾನು ವಾಪಸ್ ಕರೆದುಕೊಂಡು ಬಂದುಬಿಡುತ್ತೇನೆ.

ನಿನ್ನ ಮನೆ ತುಂಬ ಅವಳ ಗಲಾಟೆಯಿರಲಿ.

ನಿನ್ನ ತಮ್ಮ