ಏಳನೆಯ ಪಾವಟಿಗೆ

೨೩ ಆಗಸ್ಟ್ ೨೦೦೪, ಸೋಮವಾರ

ಶಹಾಬಾದಿನಿಂದ ಎಂದಿನ ಪ್ಯಾಸೆಂಜರ್. ಎಂದಿನ ಲೇಟು. ವಿಭಾಗದ ಮೆಟ್ಟಿಲು ಇಪ್ಪತ್ತೆರಡು. ಎಣಿಸದೆ ಹತ್ತಲಾರೆ — ಹನ್ನೊಂದು ವರ್ಷದ ಚಟ.

ವಿಶ್ವವಿದ್ಯಾಲಯದ ಪತ್ರ ಬಂದಿದೆ. ಕಾಗಿಣಾ ಹೊಳೆಯ ಪ್ರವಾಹ ಮೊದಲೇ ಹೇಳುವ ನಮ್ಮ ಪ್ರೋಗ್ರಾಮ್ ಇನ್ನು ಓಪನ್ ಸೋರ್ಸ್. ಯಾರು ಬೇಕಾದರೂ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು. ಇಷ್ಟು ದಿನ ನನ್ನ ಬೀರುವಿನಲ್ಲಿ ಭದ್ರವಾಗಿದ್ದ ಮಾಲು. ಕಂಪ್ಯೂಟರ್ ಸೆಂಟರಿನ ಅಭಯನಿಗಂತೂ ಹಬ್ಬ.

"ಬರ್ದವರೆಲ್ಲಾರ ಸಹಿ ಬೇಕ್ರಿ ಸರ್. ತೀರಿಕೊಂಡಿದ್ರ ಮನಿಯವರದು."

"ನಾ ಒಬ್ಬನೇ ಬರ್ದದ್ದು," ಅಂದೆ. ನಾಲಿಗೆ ತಡವರಿಸಲಿಲ್ಲ. ರೂಢಿಯಾಗಿದೆ.

೨೫ ಆಗಸ್ಟ್

ಅಭಯ ಹಳೆಯ ಫ್ಲಾಪಿ ಹಾಕಿ ಓಡಿಸಿದ. ಕಪ್ಪು ಪರದೆ. ಇಂಗ್ಲಿಷ್ ಅಕ್ಷರದಲ್ಲಿ ಆ ಮಾತು — "ಹೇಳ್ರಿ". ಅಂಕಿ ಕೇಳುವ ಮುಂಚೆ, ಪ್ರತಿ ಸಲ.

"ಇದೇನ್ರಿ ಸರ್? ತೆಗದು ಎಂಟರ್ ವ್ಯಾಲ್ಯೂ ಅಂತ ಮಾಡ್ಲೇನು?" ನಗುತ್ತಾನೆ.

ರಾಧಿಕಾ ಬರೆದದ್ದು. ನನ್ನ ಎಂ.ಎಸ್ಸಿ. ವಿದ್ಯಾರ್ಥಿನಿ, ದೋಣಿ ನಡೆಸುವವರ ಮಗಳು. ಅವರ ಊರ ಹೊಳೆಘಟ್ಟಕ್ಕೆ ಹನ್ನೊಂದು ಪಾವಟಿಗೆ, ಕಲ್ಲಿನ ಮೆಟ್ಟಿಲು. ಯಾವ ವರ್ಷ ನೀರು ಎಷ್ಟನೆಯ ಪಾವಟಿಗೆಗೆ ಬಂತು ಎಂಬುದು ಅವಳ ತಾಯಿ ಚಂದಮ್ಮನಿಗೆ ಬಾಯಿಪಾಠ. ನಮ್ಮ ಪ್ರೋಗ್ರಾಮಿನ ಬೇರು ಅದೇ.

೧೯೯೩ರ ಸೆಪ್ಟೆಂಬರ್ ಹತ್ತಕ್ಕೆ ರಾಧಿಕಾ ಹೊಳೆಯ ಪಾಲಾದಳು. ಚಂದಮ್ಮ ಕೇಳಲು ಬಂದಾಗ "ನಾನು ಹೊಳೆಗೆ ಕಳಿಸಿಲ್ಲ" ಎಂದೆ. ಆಮೇಲೆ ಕೋಡಿನ ಮೊದಲ ಪುಟದಿಂದ ಅವಳ ಹೆಸರು ತೆಗೆದೆ. ಹೆಸರಿದ್ದರೆ ಪ್ರಶ್ನೆ ಏಳುತ್ತಿತ್ತು.

೨ ಸೆಪ್ಟೆಂಬರ್

ವಾರ ಬರೆಯಲಿಲ್ಲ. ಕೋಡ್ ಶುಚಿ ಮಾಡುವ ಕೆಲಸ ನಾನೇ ತೆಗೆದುಕೊಂಡೆ. ಅಭಯನ ಕಣ್ಣಿಗೆ ಏನಾದರೂ ಬಿದ್ದರೆ…

ಬಿದ್ದದ್ದು ನನ್ನ ಕಣ್ಣಿಗೇ. ೧೪೧೨ನೆಯ ಸಾಲು. ಯಂತ್ರ ದಾಟಿ ಹೋಗುವ, ಮನುಷ್ಯರಿಗಾಗಿ ಬರೆದ ಟಿಪ್ಪಣಿ. ತಾರೀಖು ೯-೯-೯೩.

"ಸರ್, ನಮ್ಮ ಮಂದಿ ಪಾವಟಿಗಿ ಮ್ಯಾಲಿಂದ ಎಣಸ್ತಾರ. ಹೊಳಿ ಬಂದಾಗ ಕೆಳಗಿನವು ಕಾಣಂಗಿಲ್ಲಲ್ಲ. ನೀವು ಕೆಳಗಿಂದ ಎಣಸೀರಿ. ಇಬ್ಬರದೂ ಖರೇ ಅದ. ಹನ್ನೆರಡರಾಗ ಕಳದು ಸರಿ ಮಾಡೀನಿ. ಆದ್ರೂ ಹೋಗಿ ಏಳನೇದು ಅಳದು ಬಾ ಅಂತ ನೀವು ಹೇಳೀರಿ. ನಾಳಿ ಹೋಗ್ತೀನಿ."

ಮೇಲಿನಿಂದ ಏಳು, ಕೆಳಗಿನಿಂದ ಐದು. ಇಷ್ಟೇ. ನಾನು ಮಳಖೇಡದವನು. ಹೊಳೆಯಲ್ಲಿ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಮೇಲೆ ಹತ್ತುತ್ತ ಎಣಿಸಿ ಬೆಳೆದವನು. ಅವಳ ಲೆಕ್ಕ ತಪ್ಪೆಂದು ಎಲ್ಲರೆದುರು ಬೈದಿದ್ದೆ. ತಪ್ಪೇ ಇರಲಿಲ್ಲ. ನೋಡಲು ಏನೂ ಉಳಿದಿರದ ಕಡೆಗೆ, ತುಂಬಿದ ಹೊಳೆಗೆ, ಹುಡುಗಿಯನ್ನು ಕಳಿಸಿದೆ. ಇಷ್ಟು ವರ್ಷ ಪ್ರೋಗ್ರಾಮ್ ಸರಿ ಹೇಳಿದ್ದು, ನನ್ನ ಕೊರಳಿಗೆ ಹಾರ ಬಿದ್ದದ್ದು ಅವಳ ಆ ಕಳೆಯುವ ಲೆಕ್ಕದಿಂದ. ಅದನ್ನು ನಾನು ಒಮ್ಮೆಯೂ ಓದಿರಲಿಲ್ಲ.

೩ ಸೆಪ್ಟೆಂಬರ್

ಆ ಟಿಪ್ಪಣಿಯನ್ನು ಮೂರು ಸಲ ಅಳಿಸಿದೆ. ಮೂರು ಸಲ ಮರಳಿ ತಂದೆ.

ಊಟಕ್ಕೆ ಕೂತಾಗ ಹೆಂಡತಿ ವೃಂದಾ, "ಯಾರ ಜೋಡಿ ಮಾತಾಡ್ಲಿಕತ್ತೀರಿ?" ಎಂದಳು. ಹೇಳ್ರಿ, ಹೇಳ್ರಿ ಎನ್ನುತ್ತಿದ್ದೆನಂತೆ. ಹೆದರಿಕೆಯಾಯಿತು.

೮ ಸೆಪ್ಟೆಂಬರ್

ಹೆಸರುಗಳ ಫೈಲ್ ಬರೆದೆ. ಮೊದಲು ರಾಧಿಕಾ, ತೀರಿಕೊಂಡ ತಾರೀಖಿನ ಸಮೇತ. ಕೆಳಗೆ ನಾನು. "ಒಂದು ಸಾಲೂ ತೆಗೀಬ್ಯಾಡ. ಹೇಳ್ರಿ ಅನ್ನೋದೂ ಇರ್ಲಿ," ಎಂದು ಅಭಯನಿಗೆ ಕೊಟ್ಟೆ. ಅವನು ಓದಿದ. ನಗಲಿಲ್ಲ. "ಹಂಗಾದ್ರ ಇವರ ಮನಿಯವರ ಸಹಿ ಬೇಕಲ್ರಿ ಸರ್," ಎಂದ ಮೆಲ್ಲಗೆ.

ಮಾಡಿದ್ದುಣ್ಣೋ ಮಹರಾಯ.

೧೦ ಸೆಪ್ಟೆಂಬರ್, ಶುಕ್ರವಾರ, ಮಧ್ಯಾಹ್ನ ೧೨

ಘಟ್ಟದ ಮೇಲೆ ಕೂತು ಬರೆಯುತ್ತಿದ್ದೇನೆ. ಚಂದಮ್ಮ ಇನ್ನೂ ಅದೇ ಮನೆಯಲ್ಲಿದ್ದಾಳೆ. ನೋಡಿದೊಡನೆ ಗುರುತು ಹಿಡಿದಳು.

"ಬರ್ರಿ ಮಾಸ್ತರ, ಕುಂದ್ರಿ."

ಚಹಾ ಕೊಟ್ಟಳು. ಲೋಟ ಕೆಳಗಿಟ್ಟೆ. ಆ ಟಿಪ್ಪಣಿಯ ಕಾಗದ ಬಿಚ್ಚಿ ಓದಿದೆ. ಅವಳ ಮಗಳ ಮಾತು, ನನ್ನ ಬಾಯಲ್ಲಿ.

"ಮತ್ತೊಮ್ಮಿ ಓದ್ರಿ."

ಓದಿದೆ.

"ಊರ ಮಂದಿ ಏನಂದ್ರು ಗೊತ್ತದ ಏನ್ರಿ? ಹಾದಿ ತಪ್ಪಿದ್ಳು, ಅದಕ್ಕ ಹೊಳಿಗಿ ಹಾರಿದ್ಳು ಅಂದ್ರು. ನಾನೂ ನಂಬ್ದೆ. ಹೆತ್ತ ತಾಯಿ ನಂಬ್ದೆ! ಆಕಿ ಕೆಲಸಕ್ಕ ಹೋಗಿದ್ಳು?"

"ಹೂಂ. ನಾನೇ ಕಳಿಸಿದ್ದೆ."

ಅತ್ತಳು. ಬಹಳ ಹೊತ್ತು. ನಾನು ಹೆಬ್ಬೆಟ್ಟಿನ ಮಸಿಯ ಡಬ್ಬಿ ಅವಳ ಮುಂದಿಟ್ಟು ಕೂತಿದ್ದೆ. ಆಮೇಲೆ ಅವಳು ಮುಖ ಒರೆಸಿಕೊಂಡು ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು.

"ಮೊದಲ ನೀವು ಹೋಗಿ ಆ ಏಳನೇದು ನೋಡಿ ಬರ್ರಿ. ಮ್ಯಾಲಿಂದ ಎಣಸ್ರಿ. ಆಮ್ಯಾಲ ಒತ್ತತೀನಿ."

೧೨.೨೦

ಹೊಳೆಯ ಮೇಲ್ಗಡೆ ಚಿಂಚೋಳಿಯಲ್ಲಿ ಮಳೆಯಾಗಿದೆಯಂತೆ, ನೀರು ಕೆಂಪಗಿದೆ. ಚಂದಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಚಪ್ಪಲಿ ಬಿಟ್ಟೆ. ಪುಸ್ತಕ ಕೈಯಲ್ಲೇ ಇದೆ, ಇಳಿಯುತ್ತ ಬರೆಯುತ್ತೇನೆ.

ಒಂದು. ಎರಡು. ಮೂರು. ನಾಲ್ಕು. ಐದು — ಇಲ್ಲಿಯವರೆಗೆ ಒಣ ಕಲ್ಲು. ಆರರ ಮೇಲೆ ಪಾಚಿ, ಪಾದಕ್ಕೆ ನೀರು. ಅದರ ಕೆಳಗೆ ಏನೂ ಕಾಣುವುದಿಲ್ಲ. ಅವಳು ಬರೆದದ್ದು ಖರೆ.

ಏಳನೆಯದು ಕಾಲಿಗೆ ಸಿಗುವ ಮೊದಲೇ ನೀರು ಎಳೆ—