ಮೂರನೇ ಬಾಗಿಲು

ಪ್ರಿಯ ಸುಹಾಸಿನಿ,

ನಾನು ಕ್ಷೇಮ. ನಿನ್ನ ಕ್ಷೇಮ ಸಮಾಚಾರ ನಿನ್ನ ಮಗ ಜೈ ಕಡೆಯಿಂದ ಆಗಾಗ ಸಿಗುತ್ತದೆ, ಅದೂ ಒಂದೇ ಸಾಲಿನಲ್ಲಿ: "ಮಾಮ್ ಈಸ್ ಓಕೆ, ಆಂಟಿ." ಜೀವಮಾನವೆಲ್ಲ ಪೆಥಾಲಜಿ ರಿಪೋರ್ಟ್ ಬರೆದ ನಾನೂ ಇಷ್ಟು ಚಿಕ್ಕದಾಗಿ ಬರೆದವಳಲ್ಲ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಇದನ್ನು ನೀನು ಎಸೆಯಲಾರೆ ಎಂಬ ಧೈರ್ಯ ನನಗಿದೆ. ಸ್ಕೂಲಿನಲ್ಲಿ ಪೆಪ್ಪರಮಿಂಟಿನ ಕಾಗದವನ್ನೂ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದವಳು ನೀನು. ಲಕೋಟೆಯೊಳಗೆ ಒಂದು ಒಣಕಾಳು ಇದೆ, ಜೋಪಾನ. ಅದು ಏನೆಂದು ಕೊನೆಯಲ್ಲಿ ಹೇಳುತ್ತೇನೆ.

ರಿಟೈರ್ ಆದಮೇಲೆ ನಾನು ಇಟಾಲಿಯನ್ನರ ಸಂಘ ಸೇರಿದ್ದೇನೆ. ನಗಬೇಡ. ಪೂರಾ ಹೆಸರು ಇಟಾಲಿಯನ್ ಹೆರಿಟೇಜ್ ಸೊಸೈಟಿ. ಡೆಟ್ರಾಯಿಟ್‌ನ ಆಚೆ ಬದಿಯಲ್ಲಿ ಅವರದೊಂದು ಹಾಲ್ ಇದೆ. ಗೋಡೆ ತುಂಬ ಮಾಜಿ ಅಧ್ಯಕ್ಷರ ಫೋಟೋ. ಒಂದು ಊರಿನ ಕಡೆಯವರು ಮಾಡಿದ ಟೊಮ್ಯಾಟೊ ಸಾರು ಇನ್ನೊಂದು ಊರಿನ ಕಡೆಯವರಿಗೆ ಆಗಿಬರುವುದಿಲ್ಲ. ಎಲೆಕ್ಷನ್ ಮುಗಿದಮೇಲೆ ಸೋತವರು ಆರು ತಿಂಗಳು ಕಾಣಿಸುವುದಿಲ್ಲ. ಮೊದಲ ಮೀಟಿಂಗಿನಲ್ಲಿಯೇ ನನಗೆ ನಮ್ಮ ಕನ್ನಡ ಕೂಟಕ್ಕೆ ಬಂದಷ್ಟು ಹಿತವಾಯಿತು. ಹಾಗಂತ ಬರೀ ಜಗಳವಲ್ಲ. ಮನೆ ಬಿಟ್ಟು ಬಂದ ಹೆಂಗಸರ ಒಂದು ಆಶ್ರಯಧಾಮಕ್ಕೆ ವರ್ಷವಿಡೀ ದಿನಸಿ ಕೊಡುತ್ತಾರೆ, ಓದುವ ಮಕ್ಕಳ ಫೀಸು ಕಟ್ಟುತ್ತಾರೆ. ನಮ್ಮ ಯಜಮಾನರು ಶ್ರೀಕಾಂತ್ ಕೂಡ ಗುರುವಾರ ಗುರುವಾರ ಅಲ್ಲಿಯ ಮುದುಕರ ಜೊತೆ ಚೆಂಡು ಉರುಳಿಸಿಕೊಂಡು, ಸೋತು ಮನೆಗೆ ಬರುತ್ತಾರೆ.

ನನ್ನನ್ನು ಅಲ್ಲಿಗೆ ಎಳೆದವಳು ಪಕ್ಕದ ಮನೆಯ ರೋಸಾಲಿಯಾ. ಎಂಬತ್ತು ದಾಟಿದ ಹೆಂಗಸು, ದೊಡ್ಡ ಮನೆ, ಗರಾಜಿನಲ್ಲಿ ಎರಡು ಕಾರು. ನಮ್ಮ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಯಾರೂ ಯಾರ ಮನೆಗೂ ನಡೆದು ಹೋಗುವುದಿಲ್ಲ, ನಿನಗೇ ಗೊತ್ತು. ಹಾಗಿರುವಾಗ ಎರಡು ವರ್ಷದ ಹಿಂದೆ, ಮೈ ಕೊರೆಯುವ ಫೆಬ್ರವರಿಯಲ್ಲಿ, ಈಕೆ ಹಿಮ ತುಳಿದುಕೊಂಡು ಬಂದು ನಮ್ಮ ಬಾಗಿಲು ಬಡಿದಳು. ಕೈಯಲ್ಲಿ ಒಂದು ಬೋಗುಣಿ. ಒಂದು ಹಿಡಿ ಹಿಟ್ಟು ಬೇಕು ಎಂದಳು. ಅಂಗಡಿಗೆ ಹೋಗಲಾಗಲಿಲ್ಲವೇನೋ, ನಾನೇ ತಂದುಕೊಡುತ್ತೇನೆ ಎಂದೆ. "ಅಂಗಡೀದು ಆಗಲ್ಲ ಡಾಕ್ಟರ್. ಹರಕೆ ಇದು. ಬೇಡಿಯೇ ತರಬೇಕು" ಎಂದಳು.

ನನಗೆ ತಕ್ಷಣ ನೆನಪಾದದ್ದು ನಿಮ್ಮ ತಂದೆ. ಮೈಸೂರಿನಲ್ಲಿ ಹೆಸರು ಮಾಡಿದ ವಕೀಲರು, ಬೀದಿಗೆಲ್ಲ ಒಂದೇ ಕಾರಿದ್ದವರು, ಶ್ರಾವಣ ಶನಿವಾರ ಬಂತೆಂದರೆ ಹಣೆಗೆ ನಾಮವಿಟ್ಟು, ಬರಿಗಾಲಲ್ಲಿ, ಹಿತ್ತಾಳೆ ತಂಬಿಗೆ ಹಿಡಿದು ಮನೆಮನೆಯ ಮುಂದೆ "ಗೋವಿಂದಾ" ಎಂದು ನಿಲ್ಲುತ್ತಿದ್ದರು. ನಮ್ಮ ಮನೆಗೆ ಬರುವ ಹೊತ್ತಿಗೆ ನೀನು ನಾಚಿಕೆಯಿಂದ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಅಡಗಿರುತ್ತಿದ್ದೆ. ನಮ್ಮಮ್ಮ ತಂಬಿಗೆಗೆ ಅಕ್ಕಿ ಹಾಕಿ ಒಳಗೆ ಬಂದು ನಿನಗೆ ಹೇಳುತ್ತಿದ್ದಳು: "ಇಲ್ಲದೋರು ಬೇಡೋದು ಹೊಟ್ಟೆಗೆ. ಉಳ್ಳೋರು ಬೇಡೋದಕ್ಕೆ ಬಂದ್ರೆ ಅವರ ಮನಸ್ಸಲ್ಲಿ ಏನೋ ದೊಡ್ಡದಿರತ್ತೆ ಕಣೇ. ಅಂಥೋರನ್ನ ಬಾಗಿಲಲ್ಲೇ ವಾಪಸ್ ಕಳಿಸಬಾರದು." ನಾನು ರೋಸಾಲಿಯಾಳ ಬೋಗುಣಿಗೆ ಚಿರೋಟಿ ರವೆ ಹಾಕಿದೆ. ಅವಳು ಬೆರಳಲ್ಲಿ ಹಿಸುಕಿ ನೋಡಿ, ತನ್ನ ಅಮ್ಮ ಹಬ್ಬದ ರೊಟ್ಟಿಯನ್ನು ಇದರಲ್ಲೇ ಮಾಡುತ್ತಿದ್ದಳು ಎಂದಳು.

ಮಾರ್ಚ್‌ನಲ್ಲಿ ಅವರಿಗೆ ಯೇಸುವಿನ ಸಾಕುತಂದೆ ಸಂತ ಜೋಸೆಫನ ಹಬ್ಬ. ಹಾಲ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಮೇಜು ಕಟ್ಟುತ್ತಾರೆ, ನಮ್ಮ ದಸರೆಯ ಬೊಂಬೆ ಕೂರಿಸಿದ ಹಾಗೆ. ಅದರ ತುಂಬ ಊಟ. ಅಂದು ಮಾಂಸವಿಲ್ಲ, ನಮಗೂ ನಡೆಯುತ್ತದೆ. ಜೋಸೆಫ್ ಬಡಗಿಯಾದ್ದರಿಂದ ಶ್ಯಾವಿಗೆಯ ಮೇಲೆ ಮರದ ಹೊಟ್ಟಿನ ಲೆಕ್ಕದಲ್ಲಿ ಬ್ರೆಡ್ಡಿನ ಪುಡಿ ಉದುರಿಸುತ್ತಾರೆ. ಬಂದವರೆಲ್ಲರಿಗೂ ಊಟ, ಉಳಿದದ್ದು ಆಶ್ರಯಧಾಮದ ಹೆಂಗಸರಿಗೆ. ಒಟ್ಟಿನಲ್ಲಿ ಅದಕ್ಕೆ ಬೇಕಾದ ಸಾಮಾನೆಲ್ಲ ಬೇಡಿ ತಂದದ್ದಾಗಿರಬೇಕು.

ನಾನು ಸೇರಿದ ವರ್ಷ ನನ್ನ ಬುದ್ಧಿ ಖರ್ಚು ಮಾಡಿದೆ. ಪಾಪ, ವಯಸ್ಸಾದ ಹೆಂಗಸರು ಚಳಿಯಲ್ಲಿ ಯಾಕೆ ಅಲೆಯಬೇಕು ಎಂದು ಹೋಲ್‌ಸೇಲ್ ಅಂಗಡಿಗೆ ಹೋಗಿ ಹಿಟ್ಟು, ಎಣ್ಣೆ, ಸಕ್ಕರೆ ಎಲ್ಲ ಒಂದೇ ಸಲಕ್ಕೆ ತಂದು ಹಾಲ್‌ನಲ್ಲಿ ಇಳಿಸಿದೆ. ಅವರು ತುಂಬ ಥ್ಯಾಂಕ್ಸ್ ಹೇಳಿ, ಒಂದು ಪೊಟ್ಟಣವನ್ನೂ ಬಿಚ್ಚದೆ ಎಲ್ಲವನ್ನೂ ಆಶ್ರಯಧಾಮದ ವ್ಯಾನಿಗೆ ಹಾಕಿಸಿ, ತಮ್ಮ ತಮ್ಮ ಬೋಗುಣಿ ತೆಗೆದುಕೊಂಡು ಹೊರಟರು. ರೋಸಾಲಿಯಾ ನನ್ನ ಕೈಗೂ ಒಂದು ಕೊಟ್ಟಳು.

ಕಂಡವರ ಬಾಗಿಲಲ್ಲಿ ನಿಂತು ಕೈ ನೀಡುವುದು ಎಷ್ಟು ಕಷ್ಟ ಅಂತ ನಿಮ್ಮ ತಂದೆ ನಮಗೆ ಹೇಳಲೇ ಇಲ್ಲ. ಬಾಗಿಲು ಬಡಿದು ಅದು ತೆರೆಯುವ ತನಕದ ಹೊತ್ತಿನಲ್ಲಿ ಡಿಗ್ರಿ, ಮನೆ, ಕಾರು ಯಾವುದೂ ನೆನಪಿಗೆ ಬರುವುದಿಲ್ಲ. ನಮ್ಮ ಬಡಾವಣೆಯ ಕೊನೆಯಲ್ಲಿ ಚೇತನ್ ಅಂತ ಒಬ್ಬ ನಮ್ಮವನೇ ಹುಡುಗ ಇದ್ದಾನೆ, ಮಂಡ್ಯದ ಕಡೆಯವನು. ನನ್ನನ್ನು ನೋಡಿ ಕನ್ನಡ ಕೂಟದ ಚಂದಾ ಎಂದುಕೊಂಡು ಫೋನ್ ತೆಗೆದ. "ಆಂಟಿ, ಎಷ್ಟು ಟ್ರಾನ್ಸ್‌ಫರ್ ಮಾಡ್ಲಿ?" ದುಡ್ಡು ಬೇಡಪ್ಪ, ಒಂದು ಹಿಡಿ ಹಿಟ್ಟು ಹಾಕು ಎಂದೆ. ಅವನ ಮನೆಯಲ್ಲಿ ಇದ್ದದ್ದು ರಾಗಿಹಿಟ್ಟು, ಅದನ್ನೇ ಹಾಕಿದ. ರೋಸಾಲಿಯಾ ಅದನ್ನೂ ಮಿಕ್ಕ ಹಿಟ್ಟಿನ ಜೊತೆ ಕಲಸಿಬಿಟ್ಟಳು. ಆ ಸಲದ ಹಬ್ಬದ ರೊಟ್ಟಿ ಸ್ವಲ್ಪ ಕಪ್ಪಗೇ ಬಂತು.

ಬೋಗುಣಿ ಹಿಡಿದವರು ಹರಕೆ ಹೇಳಬೇಕಂತೆ. ನಿನ್ನದೇನು ಎಂದು ರೋಸಾಲಿಯಾ ಕೇಳಿದಳು. ನನಗೆ ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ, ಆದರೂ ಬಾಯಿಂದ ಹೊರಟೇಹೋಯಿತು. ನನ್ನ ಸ್ನೇಹಿತೆಯೊಬ್ಬಳು ಬಾಗಿಲು ತೆಗೆಯಬೇಕು ಎಂದೆ.

ಸುಹಾ, ಈಗ ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಹಯವದನನ ಬಯಾಪ್ಸಿ ರಿಪೋರ್ಟ್ ನೀನೇ ನನಗೆ ಕಳಿಸಿದೆ. ಫೋನಿನಲ್ಲಿ ನೀನೇ ಕೇಳಿದೆ: "ಯುಗಾದಿಗೆ ಇರ್ತಾರೆ ಅಲ್ವೇನೇ? ಹೂಂ ಅನ್ನು ಸಾಕು." ನಾನು "ಇರಲ್ಲ ಸುಹಾ" ಎಂದೆ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅವನು ಹೋದ. ಹೂಂ ಅನ್ನಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆ ಮಾತಿನಿಂದಲೇ ಜೈ ಬೋಸ್ಟನ್‌ನಿಂದ ಬಂದು ಅಪ್ಪನ ಜೊತೆ ಒಂದಷ್ಟು ದಿನ ಇದ್ದ. ಆದರೆ ನಿನ್ನ ಕಿವಿಗೆ ಅದು ರಿಪೋರ್ಟ್ ಓದಿದ ಹಾಗೆ ಕೇಳಿಸಿರಬೇಕು. ಅವನ ಸಾವಿಗೆ ನಾನೇ ತಾರೀಕು ಇಟ್ಟೆ ಎಂದು ನೀನು ಯಾರೊಡನೆಯೋ ಹೇಳಿದೆಯಂತೆ. ಬೇಜಾರಾಯಿತು. ನನಗೆ ಬೇಜಾರಾಗುವುದಿಲ್ಲ ಎಂದು ಎಲ್ಲರೂ ತಿಳಿದಿದ್ದಾರೆ, ಅದಕ್ಕೇ ಬರೆದು ತಿಳಿಸುತ್ತಿದ್ದೇನೆ.

ವೈಕುಂಠ ಸಮಾರಾಧನೆಯ ದಿನ ಹಾಫ್‌ಮನ್ ಎಸ್ಟೇಟ್ಸ್‌ನ ನಿನ್ನ ಮನೆಗೆ ಬಂದೆ. ಜೈ ಬಾಗಿಲಿಗೆ ಅಡ್ಡ ನಿಂತು, ಅಮ್ಮ ನಿಮ್ಮನ್ನು ನೋಡುವುದಿಲ್ಲವಂತೆ ಎಂದು ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ. ಹೋದ ವರ್ಷ ಮತ್ತೆ ಬಂದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು, ಇಂಗಿನ ಒಗ್ಗರಣೆಯ ವಾಸನೆ ಹೊರಗಿನವರೆಗೂ ಬರುತ್ತಿತ್ತು. ಬೆಲ್ ಮಾಡಿದೆ, ಬಡಿದೆ, ಕಾದೆ. ತಂದಿದ್ದ ಹುಳಿಪುಡಿಯನ್ನು ಮೆಟ್ಟಿಲ ಮೇಲಿಟ್ಟು ಅದೇ ದಾರಿಯಲ್ಲಿ ವಾಪಸ್ ಹೊರಟೆ. ಮಿಷಿಗನ್ ಗಡಿ ದಾಟುವವರೆಗೆ ಶ್ರೀಕಾಂತ್ ಎಲ್ಲೂ ಕಾರು ನಿಲ್ಲಿಸಲಿಲ್ಲ.

ಈ ಮಾರ್ಚ್‌ನ ಹಬ್ಬದಲ್ಲಿ ನನಗೊಂದು ಕೆಲಸ ಬಂತು. ಊಟಕ್ಕೆ ಮೊದಲು ಒಂದು ಶಾಸ್ತ್ರವಿದೆ. ಮೂರು ಮಕ್ಕಳು ಜೋಸೆಫ್, ಮೇರಿ, ಯೇಸುವಿನ ವೇಷ ಹಾಕಿ ಮೂರು ಬಾಗಿಲು ಬಡಿದು ತಂಗಲು ಜಾಗ ಕೇಳುತ್ತಾರೆ. ಮೊದಲ ಎರಡು ಬಾಗಿಲ ಹಿಂದಿನವರು, ಇಲ್ಲಿ ಜಾಗವಿಲ್ಲ, ಮುಂದೆ ಹೋಗಿ ಎನ್ನಬೇಕು. ಮೂರನೆಯದು ತೆರೆಯುತ್ತದೆ, ಆಮೇಲೆ ಊಟ. ಎರಡನೇ ಬಾಗಿಲಿಗೆ ಯಾರೂ ನಿಲ್ಲಲು ಒಪ್ಪಲಿಲ್ಲ. ಮಕ್ಕಳಿಗೆ ಇಲ್ಲ ಅನ್ನುವುದಕ್ಕೆ ಅವರಿಗೆ ನಾಲಿಗೆ ಏಳುವುದಿಲ್ಲ. ಡಾಕ್ಟರಿಗೆ ಇಲ್ಲ ಅಂದು ಅಭ್ಯಾಸವಿದೆ ಎಂದು ಒಬ್ಬ ಮುದುಕ ನಕ್ಕ. ನಾನೂ ನಕ್ಕು ಒಪ್ಪಿಕೊಂಡೆ.

ಹಾಲ್‌ನ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ನಿಂತೆ. ಆಚೆಯಿಂದ ಸಣ್ಣ ಕೈಯ ಬಡಿತ ಕೇಳಿಸಿತು. ಇಷ್ಟು ದಿನ ನಾನು ಬಾಗಿಲ ಹೊರಗೆ ನಿಂತವಳೇ ಹೊರತು, ಯಾರೋ ಬಡಿಯುವಾಗ ಒಳಗೆ ಸುಮ್ಮನೆ ನಿಂತವಳಲ್ಲ. ಜಾಗವಿಲ್ಲ ಎಂದೆ, ಸ್ಪಷ್ಟವಾಗಿಯೇ ಎಂದೆ. ಆಚೆ ಆ ಮಗು ಶಾಸ್ತ್ರ ಮರೆತು ಇನ್ನೊಂದು ಸಲ ಬಡಿಯಿತು. ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದುಕೊಂಡರು. ನೋಡಿದರೆ ನನ್ನ ಕೈ ಆಗಲೇ ಚಿಲಕದ ಮೇಲಿತ್ತು. "ಇದಲ್ಲ ಡಾಕ್ಟರ್, ಮುಂದಿನದು" ಎಂದಳು ರೋಸಾಲಿಯಾ.

ಅಂದಿನಿಂದ ನನಗೆ ಒಂದು ಯೋಚನೆ ಹಿಡಿದಿದೆ. ಹೋದ ವರ್ಷ ನಾನು ಬಂದ ದಿನ ಒಲೆಯ ಮೇಲೆ ಒಗ್ಗರಣೆ ಇಟ್ಟವಳು ಎಲ್ಲಿಗೂ ಹೋಗಿರಲಾರಳು. ನೀನು ಬಾಗಿಲ ಹಿಂದೆಯೇ ನಿಂತಿದ್ದೆ, ನಿನ್ನ ಕೈಯೂ ಚಿಲಕದ ಮೇಲಿತ್ತು. ಇದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ, ಮೈಕ್ರೋಸ್ಕೋಪಿನ ಸ್ಲೈಡ್ ಇಲ್ಲ. ಸಾಕ್ಷಿಯಿಲ್ಲದೆ ನಾನು ನಂಬಿದ್ದು ಇದೊಂದನ್ನೇ.

ಲಕೋಟೆಯಲ್ಲಿರುವುದು ಆ ಹಬ್ಬದ ಪ್ರಸಾದ, ನಮ್ಮ ಅವರೆಕಾಳಿನ ದಾಯಾದಿ. ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟರೆ ಡಬ್ಬಿ ಬರಿದಾಗುವುದಿಲ್ಲ ಎನ್ನುತ್ತಾರೆ. ಹಾಕಿಡು, ಯಾಕೆಂದರೆ ಅಕ್ಕಿಗೆ ಗಿರಾಕಿ ಬರುತ್ತಿದ್ದಾಳೆ. ಈ ಶ್ರಾವಣದ ಕೊನೆಯ ಶನಿವಾರ ಬೆಳಿಗ್ಗೆ ತಂಬಿಗೆ ಹಿಡಿದು ನಿನ್ನ ಮನೆಗೆ ಬರುತ್ತೇನೆ. ಶ್ರೀಕಾಂತ್ ಕಾರಿನಲ್ಲೇ ಕೂತಿರುತ್ತಾರೆ. ನಾಮ ನನಗೆ ನೆಟ್ಟಗೆ ಇಡಲು ಬರುವುದಿಲ್ಲ, ಸೊಟ್ಟಗಿದ್ದರೆ ನಿಮ್ಮ ತಂದೆ ಕ್ಷಮಿಸಲಿ. "ಗೋವಿಂದಾ" ಎಂದು ಒಂದೇ ಸಲ ಕೂಗುತ್ತೇನೆ, ಅಕ್ಕಪಕ್ಕದ ಅಮೆರಿಕನ್ನರು ಪೊಲೀಸರನ್ನು ಕರೆಯುವ ಮುಂಚೆ ಒಂದು ಹಿಡಿ ಹಾಕು. ನನ್ನ ಜೊತೆ ಮಾತಾಡಬೇಕಿಲ್ಲ, ಮುಖ ನೋಡಬೇಕಿಲ್ಲ, ಒಳಗೆ ಕರೆಯಬೇಕೆಂದೂ ಇಲ್ಲ. ಆದರೆ ಬಾಗಿಲು ತೆಗೆಯದೆ ತಂಬಿಗೆಗೆ ಅಕ್ಕಿ ಹಾಕುವುದಕ್ಕೆ ಆಗುವುದಿಲ್ಲ ಕಣೇ.

ನಿನ್ನ ಡಬ್ಬಿಗಳು ತುಂಬಿರಲಿ, ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುತ್ತಿರಲಿ.

ಬಾಗಿಲ ಹೊರಗಿನಿಂದ,
ನಿನ್ನ ವತ್ಸಲಾ