ತೀರ್ಥ ಬೀಳದ ಸಮಾಧಿ

ಬನ್ನೂರು

ಫಾದರ್ ಅವರಿಗೆ ಸ್ತೋತ್ರ.

ಸತ್ತವರ ಹಬ್ಬದ ದಿನ ಎಲ್ಲ ಸಮಾಧಿಗೂ ತೀರ್ಥ ಚಿಮುಕಿಸ್ತಾ ಬಂದ್ರಿ. ನನ್ನ ತಮ್ಮ ಇನ್ನಾಸಿಯ ಸಮಾಧಿ ಹತ್ರ ಚರ್ಚಿನ ಉಪದೇಶಿ ನಿಮ್ಮ ಕಿವಿಯಲ್ಲಿ ಏನೋ ಅಂದ್ರು. ನೀವು ದಾಟಿಕೊಂಡು ಹೋದ್ರಿ. ತಾನೇ ಜೀವ ಕಳ್ಕೊಂಡವನು ಅಂತ ತಾನೇ? ಅವನು ವರ್ಷಗಟ್ಟಲೆ ಮಂಕಾಗಿ ಮೂಲೆ ಹಿಡಿದು ಕೂತಿದ್ದಾಗ ಆ ಉಪದೇಶಿ ಒಂದು ದಿನ ನಮ್ಮನೆ ಬಾಗಿಲಿಗೆ ಬಂದಿದ್ರಾ? ಶಿಲುಬೆ ಮೇಲೆ ಪಕ್ಕದಲ್ಲಿದ್ದ ಕಳ್ಳನನ್ನೇ ಸ್ವರ್ಗಕ್ಕೆ ಜೊತೆಗೆ ಕರ್ಕೊಂಡ ಯೇಸು ನಮ್ಮ ಇನ್ನಾಸಿಯನ್ನ ಕೈಬಿಡ್ತಾನಾ?

ಅವನು ದೇವರ ಹತ್ರ ಇದ್ದಾನೆ, ನನಗೆ ಅನುಮಾನವಿಲ್ಲ. ಆದ್ರೆ ಅವತ್ತು ಮೇಣದಬತ್ತಿ ಹಿಡಿದು ಸಮಾಧಿ ಪಕ್ಕದಲ್ಲೇ ನಿಂತಿದ್ದ ಅಮ್ಮನನ್ನ ನೀವು ನೋಡಲಿಲ್ಲ. ‘ದೇವರ ಹತ್ರಾನೂ ನನ್ನ ಮಗನಿಗೆ ಜಾಗ ಇಲ್ಲ ಅಂದ್ಮೇಲೆ ನಾನ್ಯಾಕೆ ಇರ್ಲಿ’ ಅಂತ ಅವತ್ತಿಂದ ಊಟ ಬಿಟ್ಟಿದ್ದಾಳೆ.

ಭಾನುವಾರ ಪೂಜೆ ಮುಗಿಸಿ ಸಮಾಧಿಗೆ ಬನ್ನಿ. ಉಪದೇಶಿಯನ್ನೂ ಕರ್ಕೊಂಡು ಬನ್ನಿ. ತೀರ್ಥ ಸ್ವಲ್ಪ ಜಾಸ್ತಿನೇ ಚಿಮುಕಿಸಿ. ಅಮ್ಮನ ಮೇಲೂ ಬೀಳಬೇಕು.

ಇನ್ನಾಸಿಯ ಅಕ್ಕ,
ಫಿಲೋಮಿನಾ